ಹಾಸ್ಯದ ಪಾರ್ಟು ಅಂದ್ರೆ ಟೈಂಪಾಸ್ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಹಾಸನ ಪುಟದಲ್ಲಿ ಮೊನ್ನೆ ಒಂದು ಕುರುಕ್ಷೇತ್ರ ನಾಟಕದ ಸುದ್ದಿ ಬಂದಿತ್ತು. ದುರ್ಯೋಧನ ಯಾರು, ಕೃಷ್ಣ ಯಾರು, ಭೀಮ ಯಾರು, ಹಾರ್ಮೋನಿಯಂ ಮೇಷ್ಟ್ರು ಯಾರು ಎಲ್ಲಾ ಇತ್ತು, ಸೀನರಿ ಯಾವೂರಿನವರದ್ದು ಅಂತಾನೂ ಹಾಕಿದ್ರಿ, ಆದ್ರೆ ಮಧ್ಯದಲ್ಲಿ ಬಂದು ಜನ ಹೊಟ್ಟೆ ಹಿಡ್ಕೊಂಡು ನಗೋ ಹಾಗೆ ಮಾಡಿ ಹೋದ ಹಾಸ್ಯಗಾರರ ಹೆಸರು ಮಾತ್ರ ಎಲ್ಲೂ ಇರ್ಲಿಲ್ಲ. ವರದಿಗಾರರನ್ನ ದೂರ್ತಿಲ್ಲ ಸಾರ್, ಅವರಿಗೆ ಸಿಕ್ಕಿದ ಪಾಂಪ್ಲೆಟ್‌ನಲ್ಲೇ ಆ ಹೆಸರು ಇರ್ಲಿಲ್ಲ, ನಾನೂ ಆ ಪಾಂಪ್ಲೆಟ್ ನೋಡಿದೀನಿ. ನಾನು ಬಣ್ಣ ಹಚ್ಚೋ ಹವ್ಯಾಸ ಇಟ್ಕೊಂಡಿರೋ ಮನುಷ್ಯ, ದೊಡ್ಡ ಕಲಾವಿದ ಏನಲ್ಲ, ಆದ್ರೆ ಈ ವಿಷಯ ಬಹಳ ದಿನದಿಂದ ಮನಸ್ಸಲ್ಲಿ ಕೊರೀತಾ ಇದೆ, ಪತ್ರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸ್ದೆ ಹಾಕಿ.

ನಮ್ಮ ಕಡೆ ಪೌರಾಣಿಕ ನಾಟಕ ಹೇಗೆ ನಡೆಯುತ್ತೆ ಅಂತ ಗೊತ್ತಿರೋರಿಗೆ ಹೇಳೋದೇ ಬೇಡ. ಪಾರ್ಟಿಗೆ ದುಡ್ಡು ಕಟ್ಟಿ ಪಾತ್ರ ತಗೋತಾರೆ, ಕೃಷ್ಣ ದುರ್ಯೋಧನನ ಪಾರ್ಟಿಗೆ ಜಾಸ್ತಿ ರೇಟು, ಸಣ್ಣ ಪಾರ್ಟಿಗೆ ಕಮ್ಮಿ, ಮೇಷ್ಟ್ರು ತಿಂಗಳುಗಟ್ಟಲೆ ಕೂತು ಒಂದೊಂದು ಮಟ್ಟು ಕಲಿಸ್ತಾರೆ, ಕೊನೆಗೆ ಹಾಸನಾಂಬ ಕಲಾಕ್ಷೇತ್ರದಲ್ಲೋ ಊರ ದೇವಸ್ಥಾನದ ಮುಂದೋ ನಾಟಕ ಆಗುತ್ತೆ. ಇದರ ಬಗ್ಗೆ ನನಗೆ ಹೆಮ್ಮೆನೇ ಇದೆ, ಹಗಲೆಲ್ಲಾ ಹೊಲ ಉಳೋ ಮನುಷ್ಯ ರಾತ್ರಿ ಕಂದಪದ್ಯ ಹಾಡ್ತಾನೆ ಅಂದ್ರೆ ಸುಮ್ನೆ ಅಲ್ಲ. ಆದ್ರೆ ಈ ಪೂರ್ತಿ ಪ್ರಾಕ್ಟೀಸಲ್ಲಿ ಹಾಸ್ಯದ ಪಾರ್ಟಿಗೆ ಮೇಷ್ಟ್ರು ಒಂದು ದಿನಾನೂ ಕೂರಲ್ಲ. "ಅವನೇನ್ ಬಿಡಪ್ಪ, ಸ್ಟೇಜ್ ಮೇಲೆ ಬಂದು ಏನಾದ್ರೂ ಹೊಡೀತಾನೆ" ಅಂತಾರೆ, ಅಷ್ಟೇ.

ನಮ್ಮ ತಾಲ್ಲೂಕಿನ ಒಂದು ಊರಲ್ಲಿ ನಡೆದಿದ್ದು ಹೇಳ್ತೀನಿ, ಊರಿನ ಹೆಸರು ಬೇಡ. ಆವತ್ತು ಹಾಸ್ಯಕ್ಕೆ ಅಂತ ಕರೆಸಿದ್ದು ಎಪ್ಪತ್ತು ದಾಟಿದ ಒಬ್ಬ ಹಿರಿಯರನ್ನ, ಕಂಪನಿ ನಾಟಕದಲ್ಲಿ ಕ್ಯಾಂಪು ಕ್ಯಾಂಪು ಸುತ್ತಿ ಬಂದೋರು. ರಾತ್ರಿ ಹತ್ತಕ್ಕೇ ಮುಖಕ್ಕೆ ಬಿಳಿ ಬಳ್ಕೊಂಡು, ಹುಬ್ಬು ಒಂದು ಮೇಲೆ ಒಂದು ಕೆಳಗೆ ತಿದ್ಕೊಂಡು, ಸೈಡ್ ವಿಂಗ್ ಹತ್ರ ಒಂದು ಕಬ್ಬಿಣದ ಟ್ರಂಕ್ ಮೇಲೆ ಕೂತಿದ್ರು, ಪ್ರತಿ ಸಲ ಸೀನ್ ಮುಗಿದಾಗ ಎದ್ದು ನಿಲ್ಲೋರು, ಇನ್ನೂ ಆಗಿಲ್ಲ ಅಂದ್ರೆ ಮತ್ತೆ ಕೂತ್ಕೊಳ್ಳೋರು. ಪಾರ್ಟುದಾರರು ಒಬ್ಬೊಬ್ರು ಒಂದೊಂದು ಹಾಡು ಜಾಸ್ತಿ ಹಾಡಿ ಹಾಡಿ ಬೆಳಗಿನ ಜಾವ ಆಗೋಯ್ತು, ಗದಾಯುದ್ಧ ಇನ್ನೂ ಬಾಕಿ, ಆಗ ವ್ಯವಸ್ಥಾಪಕರು ಬಂದು ಕಾಮಿಕ್ ಬಿಟ್ಬಿಡೋಣ ಟೈಮಿಲ್ಲ ಅಂದ್ರು. ಅವರು ಒಂದು ಮಾತೂ ಆಡ್ಲಿಲ್ಲ. ಟೋಪಿ ತೆಗೆದು ಮಡಚಿ ಚೀಲದಲ್ಲಿಟ್ಟು ಕೊಬ್ಬರಿ ಎಣ್ಣೆ ಹಚ್ಕೊಂಡು ಬಣ್ಣ ಒರೆಸ್ಕೊಂಡ್ರು. ಬಸ್ ಚಾರ್ಜ್ ಕೂಡ ನಾಳೆ ನೋಡೋಣ ಅಂದ್ರಂತೆ, ನಂಗೆ ಕೇಳಿ ಮೈ ಉರಿದು ಹೋಯ್ತು.

ಈಗ ನಾನು ಯಾರ ಬಗ್ಗೆ ಹೇಳಬೇಕು ಅಂತಿದೀನೋ ಅವನು ನಮ್ಮೋನಲ್ಲ, ಫ್ರಾನ್ಸ್ ದೇಶದವನು, ಹತ್ತೊಂಬತ್ತನೇ ಶತಮಾನದವನು, ಹೆಸರು ಕೊಕ್ಲಾನ್. ಒಂದು ರಂಗಶಿಬಿರದಲ್ಲಿ ಅವನ ಹೆಸರು ಕೇಳಿ ಆಮೇಲೆ ಹುಡುಕಿ ಹುಡುಕಿ ಓದಿದೆ. ಬಹುಪಾಲು ಹಾಸ್ಯದ ಪಾರ್ಟು ಮಾಡ್ಕೊಂಡೇ ಯೂರೋಪು ಅಮೆರಿಕಾ ಎರಡೂ ಕಡೆ ರಾಜನ ತರ ಮೆರೆದ ಮನುಷ್ಯ, ಅವನ ಕತೆ ನಮ್ಮ ಸಂಘದವರೆಲ್ಲ ಒಂದು ಸಲ ಓದಬೇಕು.

ಹುಟ್ಟಿದ್ದು 1841ರಲ್ಲಿ, ಬೊಲೋನ್ ಅಂತ ಒಂದು ಸಮುದ್ರದಂಡೆ ಊರು, ಅಪ್ಪಂದು ಬೇಕರಿ. ಮಗನೂ ಹಿಟ್ಟು ನಾದಿಕೊಂಡು ಅಂಗಡಿ ನೋಡ್ಕೊಂಡು ಇರಬೇಕಿತ್ತು, ಇವನಿಗೆ ನಾಟಕದ ಹುಚ್ಚು. 1859ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಸರ್ಕಾರಿ ಸಂಗೀತ ನಾಟಕ ಶಾಲೆ ಕನ್ಸರ್ವೇಟ್ವಾರ್ ಸೇರ್ತಾನೆ, ರೆನಿಯೆ ಅನ್ನೋ ದೊಡ್ಡ ನಟ ಅವನಿಗೆ ಮೇಷ್ಟ್ರು. ಇಲ್ಲೇ ಗಮನಿಸಿ, ಆ ಶಾಲೆಯಲ್ಲಿ ದುರಂತ ನಾಟಕಕ್ಕೆ ಒಂದು ಬಹುಮಾನ ಇದ್ದ ಹಾಗೇ ಹಾಸ್ಯಕ್ಕೂ ಬೇರೇನೇ ಬಹುಮಾನ ಇತ್ತು, ಹಾಸ್ಯ ಅನ್ನೋದನ್ನ ಕೂತು ಕಲಿಯೋ ವಿದ್ಯೆ ಅಂತ ಅವರು ಒಪ್ಕೊಂಡಿದ್ರು. 1860ರಲ್ಲಿ ಕೊಕ್ಲಾನ್ ಹಾಸ್ಯದ ಮೊದಲ ಬಹುಮಾನ ತಗೊಂಡು ಅದೇ ವರ್ಷ ಡಿಸೆಂಬರ್ 7ಕ್ಕೆ ಕಾಮೆಡಿ ಫ್ರಾಂಸೇಸ್ ರಂಗಮಂದಿರದಲ್ಲಿ ಮೊದಲ ಸಲ ಬಣ್ಣ ಹಚ್ತಾನೆ. ಪಾರ್ಟು ಯಾವುದು ಅಂದ್ರೆ ಮೊಲಿಯೇರ್ ನಾಟಕದ ಒಬ್ಬ ಆಳು, ಗ್ರೋ ರೆನೆ ಅಂತ. ರಾಜ ಅಲ್ಲ, ನಾಯಕ ಅಲ್ಲ, ಆಳು.

ಮೊಲಿಯೇರ್ ಬಗ್ಗೆ ಗೊತ್ತಿಲ್ಲದೋರಿಗೆ ಒಂದು ಮಾತು. ನಮ್ಮ ಎ.ಎನ್. ಮೂರ್ತಿರಾಯರ ಆಷಾಢಭೂತಿ ನಾಟಕ ಹವ್ಯಾಸಿ ತಂಡಗಳು ಆಡಿರೋದು ನೋಡಿರ್ತೀರ, ಅದರ ಮೂಲ ಮೊಲಿಯೇರನ ತಾರ್ತೂಫ್. ಈ ಮೊಲಿಯೇರ್ ಫ್ರಾನ್ಸಿನ ಹಾಸ್ಯ ನಾಟಕಕಾರ, ಅವನೂ ನಟನೇ, ಬರೀ ನಾಟಕ ಬರೆದು ಮನೇಲಿ ಕೂತೋನಲ್ಲ. 1673ರ ಫೆಬ್ರವರಿ 17ಕ್ಕೆ, ಇಲ್ಲದ ರೋಗ ಇದೆ ಅಂತ ಒದ್ದಾಡೋ ರೋಗಿಯ ಪಾರ್ಟು ಮಾಡ್ತಿದ್ದಾಗ ಅವನಿಗೆ ನಿಜವಾಗ್ಲೂ ಕಾಯಿಲೆ ಜೋರಾಗಿತ್ತು, ಆದ್ರೂ ನಾಟಕ ಮುಗಿಸಿಯೇ ಮನೆಗೆ ಹೋದ, ಅದೇ ರಾತ್ರಿ ಸತ್ತ. ನಟ ಅಂತ ಹೇಳಿ ಅವನ ಸಂಸ್ಕಾರಕ್ಕೆ ಪಾದ್ರಿಗಳು ಒಪ್ಪಲಿಲ್ಲ, ರಾಜನ ತನಕ ಹೋಗಿ ಬೇಡ್ಕೊಂಡ ಮೇಲೆ ರಾತ್ರಿ ಹೊತ್ತಲ್ಲಿ ಹೂಳೋಕೆ ಬಿಟ್ರು. ಆವತ್ತು ಅವನು ಕೂತು ಪಾರ್ಟು ಮಾಡಿದ ಕುರ್ಚಿ ಇವತ್ತಿಗೂ ಕಾಮೆಡಿ ಫ್ರಾಂಸೇಸ್‌ನಲ್ಲಿ ಇಟ್ಕೊಂಡಿದ್ದಾರೆ. ಫ್ರಾನ್ಸಲ್ಲಿ ನಟರಿಗೂ ಎಲ್ಲರ ಹಾಗೆ ನಾಗರಿಕ ಹಕ್ಕು ಅಂತ ಸಿಕ್ಕಿದ್ದೇ 1789ರ ಕ್ರಾಂತಿ ಆದ್ಮೇಲೆ. ಅಂದ್ರೆ ಕೊಕ್ಲಾನ್ ಹುಟ್ಟೋಕೆ ಬರೀ ಐವತ್ತು ವರ್ಷ ಹಿಂದೆ.

ಇನ್ನು ಅವನು ಕೆಲಸ ಹೇಗೆ ಮಾಡ್ತಿದ್ದ ಅನ್ನೋದಕ್ಕೆ ಬರ್ತೀನಿ, ನನಗೆ ಬಹಳ ಹಿಡಿಸಿದ್ದು ಇದೇ. ಕಾಮೆಡಿ ಫ್ರಾಂಸೇಸ್‌ನಲ್ಲಿ ಒಂದೇ ನಾಟಕ ತಿಂಗಳುಗಟ್ಟಲೆ ಓಡಿಸೋ ಪದ್ಧತಿ ಇಲ್ಲ, ಇವತ್ತು ಒಂದು ನಾಟಕ ನಾಳೆ ಇನ್ನೊಂದು ಅಂತ ಬದಲಾಯಿಸ್ತಾನೇ ಇರ್ತಾರೆ, ಹಗಲು ಹೊಸ ನಾಟಕದ ಪ್ರಾಕ್ಟೀಸು, ರಾತ್ರಿ ಹಳೇ ನಾಟಕದ ಷೋ. ಹಾಗಾಗಿ ನಟನ ತಲೇಲಿ ಹತ್ತಾರು ಪಾರ್ಟು ಯಾವಾಗ ಕೇಳಿದ್ರೂ ರೆಡಿ ಇರಬೇಕು. ಅದರಲ್ಲೂ ಮೊಲಿಯೇರನ ಎಷ್ಟೋ ನಾಟಕ ಪದ್ಯದಲ್ಲಿದೆ, ಒಂದೊಂದು ಸಾಲಿಗೆ ಹನ್ನೆರಡು ಅಕ್ಷರದ ಲೆಕ್ಕ, ಕೊನೇಲಿ ಪ್ರಾಸ. ಆಳಿನ ಪಾರ್ಟು ಮಾಡೋನು ಆ ಲೆಕ್ಕ ತಪ್ಪದ ಹಾಗೆ, ಪ್ರಾಸ ಬಿಟ್ಟುಹೋಗದ ಹಾಗೆ, ಓಡಾಡ್ತಾ ಏಟು ತಿಂತಾ ಬಗ್ಗಿ ಏಳ್ತಾ ಹೇಳಬೇಕು, ಮೈಕ್ ಇಲ್ಲ, ಗ್ಯಾಸ್ ದೀಪದ ಬಿಸಿ ಮುಖಕ್ಕೆ ಹೊಡೀತಿರುತ್ತೆ, ಕೊನೇ ಸಾಲಲ್ಲಿ ಕೂತೋನಿಗೂ ಪ್ರತಿ ಅಕ್ಷರ ಕೇಳಬೇಕು. ಕಂದಪದ್ಯ ಹಾಡಿದೋರಿಗೆ ಇದರ ಕಷ್ಟ ಗೊತ್ತಾಗುತ್ತೆ. 1862ರಲ್ಲಿ ಇಪ್ಪತ್ತೊಂದು ವರ್ಷಕ್ಕೇ ಫಿಗಾರೊ ಪಾರ್ಟು ಮಾಡಿ ಹೆಸರು ತಗೊಂಡ, ಅದು ಬೋಮಾರ್ಷೆ ಬರೆದ ನಾಟಕ, ಐದನೇ ಅಂಕದಲ್ಲಿ ಫಿಗಾರೊ ಒಬ್ಬನೇ ಕತ್ತಲಲ್ಲಿ ನಿಂತು ತನ್ನ ಇಡೀ ಬದುಕು ಹೇಳ್ಕೋತಾನೆ, ಫ್ರೆಂಚ್ ಹಾಸ್ಯ ನಾಟಕದಲ್ಲೇ ಅತಿ ಉದ್ದದ ಸ್ವಗತಗಳಲ್ಲಿ ಅದೂ ಒಂದು. ಒಬ್ಬ ಆಳು ತನ್ನ ಧಣಿಗೆ, ನೀನು ಹುಟ್ಟೋ ಕಷ್ಟ ಒಂದು ಪಟ್ಟಿದ್ದು ಬಿಟ್ರೆ ಇನ್ನೇನು ಮಾಡಿದೀಯ ಅಂತ ಕೇಳೋ ಮಾತು ಅದರಲ್ಲೇ ಬರೋದು. ನಗಿಸ್ತಾ ನಗಿಸ್ತಾ ಅಷ್ಟು ದೊಡ್ಡ ಪ್ರಶ್ನೆ ಎತ್ತೋ ಪಾರ್ಟನ್ನ ಹಗುರ ಅಂತ ಹೇಗೆ ಅನ್ನೋದು?

ಕೊಕ್ಲಾನ್ ತನ್ನ ಕಲೆ ಬಗ್ಗೆ ಬರೆದೂ ಇದಾನೆ, 1880ರ ಹೊತ್ತಿಗೆ. ನಟನಲ್ಲಿ ಇಬ್ರು ಇರ್ತಾರೆ, ಒಬ್ಬ ನೋಡೋನು ಯೋಚಿಸೋನು, ಇನ್ನೊಬ್ಬ ಮೈ ಕೈ ಮುಖ ಗಂಟಲು, ಮೊದಲನೆಯವನು ಹೇಳಿದ ಹಾಗೆ ಎರಡನೆಯವನು ಕೇಳಬೇಕು ಅನ್ನೋದು ಅವನ ಸಿದ್ಧಾಂತ. ತಾರ್ತೂಫ್ ಪಾರ್ಟು ಮಾಡಬೇಕಂದ್ರೆ ಮೊದಲು ಮನಸ್ಸಲ್ಲಿ ಆ ಕಪಟ ಭಕ್ತನ ಬಟ್ಟೆ ಹೇಗಿರುತ್ತೆ ನಡಿಗೆ ಹೇಗಿರುತ್ತೆ ಮುಖ ಹೇಗಿರುತ್ತೆ ಅಂತ ಪೂರ್ತಿ ಕಾಣೋ ತನಕ ಬಿಡ್ತಿರ್ಲಿಲ್ಲ, ಆಮೇಲೆ ಅದನ್ನ ಒಂದೊಂದಾಗಿ ತನ್ನ ಮೈಮೇಲೆ ತಂದ್ಕೋತಿದ್ದ, ತೃಪ್ತಿ ಆಗೋ ತನಕ ತಿದ್ತಾನೇ ಇರ್ತಿದ್ದ. ಸ್ಟೇಜ್ ಮೇಲೆ ನಿಜವಾಗಿ ಅತ್ರೆ ನಿಜವಾಗಿ ನಕ್ರೆ ನಟನೆ ಕೆಡುತ್ತೆ ಅಂತ ಅವನ ವಾದ. ಲಂಡನ್ನಿನ ದೊಡ್ಡ ನಟ ಹೆನ್ರಿ ಇರ್ವಿಂಗ್ ಇದನ್ನ ಒಪ್ಪಲೇ ಇಲ್ಲ, ನಟ ಒಳಗೂ ಅನುಭವಿಸಬೇಕು ಅಂದ, ಇಬ್ಬರಿಗೂ 1887ರ ಸುಮಾರಿಗೆ ಪತ್ರಿಕೆಗಳಲ್ಲೇ ವಾದ ನಡೀತು. ಇಬ್ಬರಲ್ಲಿ ಯಾರು ಸರಿ ಅಂದ್ರೆ ನಾನು ಹಾಸ್ಯದ ಮಟ್ಟಿಗೆ ಕೊಕ್ಲಾನ್ ಕಡೆ. ಅವನೇ ಹೇಳಿರೋ ಪ್ರಸಂಗ ಒಂದಿದೆ, ಕುಡಿದು ನಿದ್ದೆ ಹೋಗೋ ಪಾರ್ಟು ಮಾಡ್ತಿದ್ದಾಗ ಪ್ರಯಾಣದ ಸುಸ್ತಿಗೆ ಸ್ಟೇಜ್ ಮೇಲೇ ನಿಜವಾಗ್ಲೂ ನಿದ್ದೆ ಹೋಗಿ ಗೊರಕೆ ಹೊಡೆದುಬಿಟ್ನಂತೆ, ಆವತ್ತು ನೋಡಿದೋರು ಗೊರಕೆ ಸರಿ ಬರ್ಲಿಲ್ಲ ಅಂದ್ರಂತೆ. ಅಂದ್ರೆ ದಿನಾ ಅವನು ಹೊಡೀತಿದ್ದ ಗೊರಕೆ ಎಷ್ಟು ಲೆಕ್ಕ ಹಾಕಿ ಕಟ್ಟಿದ್ದಿರಬೇಕು ನೋಡಿ! ಸ್ಟೇಜ್ ಮೇಲೆ ಬಂದು ಏನಾದ್ರೂ ಹೊಡೀತಾನೆ ಅನ್ನೋರು ಇದನ್ನ ಕೇಳಿಸ್ಕೋಬೇಕು.

ನಮ್ಮ ಜಿಲ್ಲೆಗೂ ಇದು ಗೊತ್ತಿಲ್ಲದ ವಿಷಯ ಅಲ್ಲ. ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ, ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ. ಎದುರಿಗಿರೋರ ತುಟಿ ನೋಡ್ಕೊಂಡು ಡೈಲಾಗ್ ಹಿಡಿತಿದ್ರು, ನಾಟಕದ ಕಂಪನಿಗಳಲ್ಲಿ ದುಡಿದು ಸಿನಿಮಾಗೆ ಬಂದು ನೂರಾರು ಸಿನಿಮಾ ಮಾಡಿದ್ರು, ಒಂದು ಕಡೆಯಾದ್ರೂ ಟೈಮಿಂಗ್ ತಪ್ಪಿದ್ದು ನಾನು ನೋಡಿಲ್ಲ. ಕೇಳಿಸ್ದೇ ಇರೋ ಮಾತಿಗೆ ಸರಿಯಾದ ಕ್ಷಣಕ್ಕೆ ಉತ್ತರ ಕೊಟ್ಟು ನಗಿಸೋದು ಅಂದ್ರೆ ಅದು ಎಷ್ಟು ವರ್ಷದ ಸಾಧನೆ ಅಂತ ಯೋಚನೆ ಮಾಡಿ. ಗುಬ್ಬಿ ವೀರಣ್ಣನವರಂತೂ ಕಂಪನಿಯ ಮಾಲೀಕರೇ ಆಗಿದ್ರೂ ಸದಾರಮೆಯ ಕಳ್ಳನ ಪಾರ್ಟು ತಾವೇ ಮಾಡ್ತಿದ್ರು, ಜನ ಆ ಕಳ್ಳನನ್ನ ನೋಡೋಕೇ ಬರ್ತಿದ್ರು. ರಾಜನ ಪಾರ್ಟು ತಗೋಬೇಕಂದ್ರೆ ಅವರನ್ನ ತಡೆಯೋರು ಯಾರಿದ್ರು?

ಮತ್ತೆ ಕೊಕ್ಲಾನ್ ವಿಷಯಕ್ಕೆ. ಅವನು ಅಷ್ಟು ನೆಮ್ಮದಿಯಾಗಿ ಕಲಿಯೋಕೆ ಆಗಿದ್ದು ಆ ರಂಗಮಂದಿರದ ಕಟ್ಟುಪಾಡಿನಿಂದ. ಕಾಮೆಡಿ ಫ್ರಾಂಸೇಸ್ ಶುರುವಾಗಿದ್ದು 1680ರಲ್ಲಿ, ಮೊಲಿಯೇರನ ತಂಡವೂ ಇನ್ನೊಂದು ತಂಡವೂ ರಾಜನ ಆಜ್ಞೆ ಮೇಲೆ ಒಂದಾಗಿದ್ದು. ಅಲ್ಲಿ ನಟರಲ್ಲಿ ಎರಡು ತರ, ಒಂದು ಸಂಬಳದೋರು, ಇನ್ನೊಂದು ಪಾಲುದಾರರು. ಪಾಲುದಾರ ಆದ್ರೆ ವರ್ಷದ ಲಾಭದಲ್ಲಿ ಹನ್ನೆರಡರಲ್ಲಿ ಇಷ್ಟು ಅಂತ ಪಾಲು, ಹಿರಿತನ ಬಂದ ಹಾಗೆ ಪಾಲು ಜಾಸ್ತಿ, ಪೂರ್ತಿ ಅಂದ್ರೆ 12ಕ್ಕೆ 12. ನೆಪೋಲಿಯನ್ ರಷ್ಯಾ ಮೇಲೆ ದಂಡೆತ್ತಿ ಹೋಗಿದ್ದಾಗ 1812ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಕೂತು ಈ ರಂಗಮಂದಿರದ ನಿಯಮಕ್ಕೆ ಸಹಿ ಹಾಕಿದ್ದು ಅಂತ ಆ ಕಾಯ್ದೆಗೆ ಮಾಸ್ಕೋ ಆಜ್ಞೆ ಅಂತಾನೇ ಹೆಸರು. ಇಪ್ಪತ್ತು ವರ್ಷ ಸೇವೆ ಮಾಡಿದ ಪಾಲುದಾರ ನಟನಿಗೆ ಪಿಂಚಣಿ ಅಂತ ಅದರಲ್ಲಿದೆ. ರಾಜನ ಪಾರ್ಟು ಮಾಡೋನಿಗೂ ಅದೇ ನಿಯಮ, ಆಳಿನ ಪಾರ್ಟು ಮಾಡೋನಿಗೂ ಅದೇ ನಿಯಮ. ಕೊಕ್ಲಾನ್ 1864ರಲ್ಲಿ ಇಪ್ಪತ್ಮೂರು ವರ್ಷಕ್ಕೇ ಪಾಲುದಾರ ಆದ, ಮುಂದೆ ಇಪ್ಪತ್ತೆರಡು ವರ್ಷದಲ್ಲಿ ಹಳೇ ನಾಟಕಗಳ ಜೊತೆಗೆ 44 ಹೊಸ ನಾಟಕಗಳಲ್ಲಿ ಮುಖ್ಯ ಪಾರ್ಟು ಮಾಡಿದ.

ಎಲ್ಲಾ ಸುಖವಾಗೇನೂ ಇರ್ಲಿಲ್ಲ. ಹೊರಗಡೆ ಊರುಗಳಿಗೆ ಹೋಗಿ ನಾಟಕ ಆಡೋ ಹಕ್ಕಿನ ವಿಷಯಕ್ಕೆ ಜಗಳ ಆಗಿ 1886ರಲ್ಲಿ ರಾಜೀನಾಮೆ ಕೊಟ್ಟ, ಯೂರೋಪು ಅಮೆರಿಕಾ ಸುತ್ತಿದ, 1890ರಲ್ಲಿ ವಾಪಸ್ ಬಂದ, 1892ರಲ್ಲಿ ಮತ್ತೆ ಬಿಟ್ಟೇಬಿಟ್ಟ. ಅವನ ಮೂಗು ಮೇಲಕ್ಕೆ ಎದ್ದ ಮೊಂಡು ಮೂಗು, ಆಗಿನ ವ್ಯಂಗ್ಯಚಿತ್ರಗಳಲ್ಲೆಲ್ಲಾ ಅದೇ ಕಾಣೋದು, ಇಂಥ ಮುಖಕ್ಕೆ ಆಳಿನ ಪಾರ್ಟೇ ಸರಿ ಅನ್ನೋ ಕಾಲ ಅದು. ಅಂಥವನು 1897ರ ಡಿಸೆಂಬರ್ 28ಕ್ಕೆ, ಐವತ್ತಾರನೇ ವಯಸ್ಸಲ್ಲಿ, ಪೋರ್ತ್ ಸೇಂಟ್ ಮಾರ್ಟಿನ್ ಥಿಯೇಟರ್‌ನಲ್ಲಿ ಉದ್ದ ಮೂಗು ಅಂಟಿಸ್ಕೊಂಡು ಸಿರಾನೊ ಅನ್ನೋ ನಾಟಕದ ನಾಯಕ, ಕತ್ತಿವರಸೆಯ ಕವಿ ಸಿರಾನೊ ಆಗಿ ಬಂದ, ನಗಿಸೋದೂ ಅಳಿಸೋದೂ ಎರಡೂ ಇರೋ ಪಾರ್ಟು, ಪ್ಯಾರಿಸ್ ಹುಚ್ಚೆದ್ದು ಹೋಯ್ತು. ಆ ನಾಟಕ ಬರೆದ ರೊಸ್ತಾನ್, ಸಿರಾನೊನ ಆತ್ಮಕ್ಕೆ ಇದನ್ನ ಅರ್ಪಿಸಬೇಕು ಅಂತಿದ್ದೆ, ಆದ್ರೆ ಆ ಆತ್ಮ ಕೊಕ್ಲಾನ್ ನಿನ್ನೊಳಗೆ ಸೇರಿಬಿಟ್ಟಿದೆ, ಅದಕ್ಕೆ ನಿನಗೇ ಅರ್ಪಣೆ ಅನ್ನೋ ಅರ್ಥದಲ್ಲಿ ಪುಸ್ತಕದ ಮೊದಲಲ್ಲೇ ಬರೆದ. 1900ರಲ್ಲಿ ಆ ನಾಟಕದ ಕತ್ತಿವರಸೆ ಸೀನನ್ನ ಧ್ವನಿ ಸಮೇತ ಸಿನಿಮಾ ಮಾಡಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ತೋರಿಸಿದ್ರು, ಆ ಎರಡು ನಿಮಿಷದ ತುಣುಕು ಈಗ್ಲೂ ಇದೆ, ಮೊಬೈಲಲ್ಲೇ ನೋಡಬಹುದು. ನಾನು ನೋಡಿದೆ. ದಪ್ಪ ಮನುಷ್ಯ, ವಯಸ್ಸಾಗಿದೆ, ಆದ್ರೆ ಕತ್ತಿ ಹಿಡಿದು ಪದ್ಯ ಹೇಳ್ತಾ ಹೆಜ್ಜೆ ಇಡೋದು ನೋಡ್ಬೇಕು ಸಾರ್, ಒಂದು ಹೆಜ್ಜೆನೂ ವೇಸ್ಟ್ ಇಲ್ಲ.

ಇಷ್ಟು ದುಡ್ಡು ಹೆಸರು ಬಂದ್ಮೇಲೆ ಅವನು ಏನು ಮಾಡಿದ ಅನ್ನೋದೇ ನಾನು ಈ ಪತ್ರ ಬರೆಯೋಕೆ ಕಾರಣ. ನಾಟಕ ಕಲಾವಿದರ ಸಂಘಕ್ಕೆ ಎಷ್ಟೋ ವರ್ಷ ಅಧ್ಯಕ್ಷ ಆಗಿದ್ದ. ಎಲ್ಲರೂ ಕಾಮೆಡಿ ಫ್ರಾಂಸೇಸ್ ಪಾಲುದಾರರಲ್ಲವಲ್ಲ, ಊರೂರು ಸುತ್ತಿ ನಾಟಕ ಆಡಿ ಮುದುಕರಾದೋರಿಗೆ ಪಿಂಚಣಿನೂ ಇಲ್ಲ ಮನೆನೂ ಇಲ್ಲ. ಅಂಥೋರಿಗೆ ಅಂತ ಪ್ಯಾರಿಸ್ಸಿನಿಂದ ಪೂರ್ವಕ್ಕೆ ಪೋಂತೊದಾಮ್ ಅನ್ನೋ ಕಡೆ ಒಂದು ವಿಶ್ರಾಂತಿ ಮನೆ ಕಟ್ಟಿಸಿದ. 1909ರ ಜನವರಿಯಲ್ಲಿ ರೊಸ್ತಾನ್ ಬರೆದ ಹೊಸ ನಾಟಕದಲ್ಲಿ ಹುಂಜದ ಪಾರ್ಟಿಗೆ ತಯಾರಿ ನಡೆಸ್ತಿದ್ದೋನು, ಆ ತಿಂಗಳ 27ಕ್ಕೆ ಅದೇ ಮನೆಯಲ್ಲಿ ತೀರ್ಕೊಂಡ, ಅಲ್ಲೇ ಸಮಾಧಿ. ಅವನ ತಮ್ಮನೂ ಹಾಸ್ಯನಟನೇ, ಎರಡು ವಾರ ಕಳೆಯೋದ್ರೊಳಗೆ ಅವನೂ ಹೋದ.

ಈಗ ನಮ್ಮಲ್ಲಿಗೆ ಬರೋಣ. ನಮ್ಮ ಸರ್ಕಾರದ್ದೂ ಹಿರಿಯ ಕಲಾವಿದರಿಗೆ ಮಾಸಾಶನ ಇದೆ, ಒಳ್ಳೇದೇ. ಆದ್ರೆ ಅರ್ಜಿ ಜೊತೆ ಇಷ್ಟು ವರ್ಷ ಕಲಾಸೇವೆ ಮಾಡಿದೀನಿ ಅನ್ನೋದಕ್ಕೆ ಸಾಕ್ಷಿ ಇಡಬೇಕು, ಪಾಂಪ್ಲೆಟ್ಟು, ಫೋಟೋ, ಪೇಪರ್ ಕಟಿಂಗ್. ದುರ್ಯೋಧನನ ಪಾರ್ಟು ಮಾಡಿದೋರ ಹತ್ರ ಒಂದು ಫೈಲ್ ತುಂಬ ಇರುತ್ತೆ. ಹಾಸ್ಯದ ಪಾರ್ಟು ಮಾಡಿದೋರ ಹತ್ರ ಏನಿರುತ್ತೆ ಹೇಳಿ? ಟ್ರಂಕ್ ಮೇಲೆ ಕೂತಿದ್ದ ಆ ಹಿರಿಯರ ಮನೆಗೆ ನಾನು ಆಮೇಲೆ ಹೋಗಿದ್ದೆ, ಅವರ ಹತ್ರ ಇದ್ದ ಪಾಂಪ್ಲೆಟ್‌ಗಳನ್ನೆಲ್ಲಾ ಹರಡ್ಕೊಂಡು ನೋಡಿದ್ವಿ, ಬಹುಪಾಲು ಪಾಂಪ್ಲೆಟ್ಟಲ್ಲಿ "ಮಧ್ಯೆ ಹಾಸ್ಯ ಇರುತ್ತದೆ" ಅಂತ ಒಂದು ಸಾಲು ಇದೆ, ಯಾರದ್ದು ಅಂತ ಇಲ್ಲ. ಜೀವಮಾನ ಪೂರ್ತಿ ಮಾಡಿದ ಕೆಲಸಕ್ಕೆ ಹೆಸರಿಲ್ಲದ ಒಂದು ಸಾಲು! ಅರ್ಜಿ ಹಾಕೋದೇ ಬೇಡ ಬಿಡಿ ಅಂದ್ರು ಅವರು, ನಾನು ಬಿಟ್ಟಿಲ್ಲ, ಸಿಕ್ಕಿರೋ ನಾಲ್ಕಾರು ಫೋಟೋ ಜೋಡಿಸಿ ಬರೀತಿದೀವಿ.

ಹಾಗಾಗಿ ನಿಮ್ಮಲ್ಲಿ ಕೇಳ್ಕೊಳ್ಳೋದು, ಸಂಘದವರು ಕೊಟ್ಟಿಲ್ಲ ಅಂದ್ರೂ ನಿಮ್ಮ ವರದಿಗಾರರು ಹಾಸ್ಯಗಾರರು ಯಾರು ಅಂತ ಒಂದು ಮಾತು ಕೇಳಿ ಹಾಕಲಿ, ಆ ಒಂದು ಸಾಲು ಯಾರದ್ದೋ ಮುಪ್ಪಿನ ಕಾಲಕ್ಕೆ ದಾಖಲೆ ಆಗುತ್ತೆ. ಸಂಘದವರಿಗೆ, ಪಾರ್ಟುದಾರ ಮಿತ್ರರಿಗೆ ನನ್ನ ಮಾತು ಏನಂದ್ರೆ ಹಾಸ್ಯದ ಸೀನನ್ನೂ ಮೇಷ್ಟ್ರ ಮುಂದೆ ಕೂತು ಪ್ರಾಕ್ಟೀಸ್ ಮಾಡಿಸಿ, ಅದಕ್ಕೆ ಟೈಂ ಮೊದಲೇ ಫಿಕ್ಸ್ ಮಾಡಿ, ಬೇಕಿದ್ರೆ ನೀವು ಒಂದು ಹಾಡು ಕಮ್ಮಿ ಹಾಡಿ, ಯಾರಿಗೂ ನಷ್ಟ ಇಲ್ಲ. ಹಳೇ ಕಂಪನಿ ಹಾಸ್ಯಗಾರರು ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿಕ್ಕಮಗಳೂರಲ್ಲೂ ಇನ್ನೂ ಬೆರಳೆಣಿಕೆಯಷ್ಟು ಜನ ಉಳಿದಿದಾರೆ, ಅವರ ಸೀನುಗಳು ಪುಸ್ತಕದಲ್ಲಿಲ್ಲ, ಅವರ ಬಾಯಲ್ಲೇ ಇದೆ, ಮೊಬೈಲ್ ಇರೋ ಹುಡುಗರು ಒಂದು ಮಧ್ಯಾಹ್ನ ಹೋಗಿ ರೆಕಾರ್ಡ್ ಮಾಡ್ಕೊಂಡ್ರೆ ಅವರಿಗೂ ಖುಷಿ, ಕಲಿಯೋರಿಗೂ ಪಾಠ. ಇನ್ನು ವಿಶ್ರಾಂತಿ ಮನೆ ಕಟ್ಟೋ ಶಕ್ತಿ ನಮ್ಮ ಸಣ್ಣ ಸಂಘಗಳಿಗೆ ಇಲ್ಲ, ಒಪ್ತೀನಿ, ಆದ್ರೆ ಪಾರ್ಟಿಗೆ ಕಟ್ಟೋ ದುಡ್ಡಲ್ಲಿ ಪ್ರತಿ ನಾಟಕಕ್ಕೂ ಒಂದು ಸಣ್ಣ ಪಾಲು ಅಂತ ಎತ್ತಿಟ್ಟು ತಾಲ್ಲೂಕಿಗೆ ಒಂದು ಖಾತೆ ಮಾಡಿದ್ರೆ ಔಷಧಿ ಖರ್ಚಿಗೆ ಕನ್ನಡಕಕ್ಕೆ ಆಗುತ್ತೆ. ನಮ್ಮ ಸಂಘದಲ್ಲಿ ಈ ಯುಗಾದಿ ಕಳೆದ್ಮೇಲೆ ಆಗೋ ನಾಟಕದಿಂದಲೇ ಶುರು ಮಾಡೋದು ಅಂತ ಮಾತಾಗಿದೆ, ಬೇರೆ ಸಂಘದವರು ಸೇರ್ಕೊಳ್ಳೋದಾದ್ರೆ ನಾವು ಅವರೂರಿಗೇ ಬಂದು ಮಾತಾಡ್ತೀವಿ.

ಇಂತಿ,
ಒಬ್ಬ ಹವ್ಯಾಸಿ ನಾಟಕದವ, ಹಾಸನ